ಬಲ್ಬ್ ಬದಲಿಸಿದರೂ ರಿವರ್ಸ್ ಲೈಟ್ ಉರಿಯುತ್ತಿಲ್ಲವೇ? ಹೀಗೆ ಹುಡುಕಿ

"ರಿವರ್ಸ್ ಗೇರ್ ಹಾಕಿದರೆ ಹಿಂದಿನ ಬಿಳಿ ಲೈಟ್ ಬರುತ್ತಿಲ್ಲ. ಹೊಸ ಬಲ್ಬ್ ಹಾಕಿದೆ, ಆದರೂ ಇಲ್ಲ. ಇನ್ನೇನು ಬದಲಿಸಲಿ?" ಮಳೆಗಾಲ ಬಂತೆಂದರೆ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಾಲಿನ ಉತ್ತರ ಕೊಟ್ಟರೆ ಕೆಲಸ ಆಗುವುದಿಲ್ಲ. ಅದಕ್ಕೇ ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. "ಏನು ಬದಲಿಸಲಿ" ಅನ್ನುವ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. "ಕರೆಂಟ್ ಎಲ್ಲಿಯವರೆಗೆ ಬಂದಿದೆ" ಅಂತ ಕೇಳಿಕೊಳ್ಳಿ. ತೋಟದ ಕೊನೆಯ ಸಾಲಿಗೆ ನೀರು ಬರುತ್ತಿಲ್ಲ ಅಂದರೆ ಯಾರೂ ಮೊದಲೇ ಮೋಟರ್ ಬಿಚ್ಚುವುದಿಲ್ಲ ಅಲ್ವಾ? ಪೈಪ್ ಜೊತೆಗೇ ನಡೆದು ನೋಡುತ್ತಾರೆ. ಇಲ್ಲೂ ಹಾಗೆಯೇ.

ಈ ಲೈಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಾತ್ರಿ ಹಿಂದಿನ ನೆಲ ನಿಮಗೆ ಕಾಣುವುದು ಅದರ ಅರ್ಧ ಕೆಲಸ ಅಷ್ಟೇ. ಹಿಂದೆ ನಿಂತವರಿಗೆ, ಅಂಗಳದಲ್ಲಿ ಆಡುವ ಮಗುವಿನ ಅಮ್ಮನಿಗೆ, ಸಂದಿಯಲ್ಲಿ ಬರುವ ಬೈಕಿನವನಿಗೆ "ಈ ಕಾರು ಹಿಂದಕ್ಕೆ ಬರುತ್ತಿದೆ" ಅಂತ ತಿಳಿಸುವುದು ಇನ್ನೂ ದೊಡ್ಡ ಕೆಲಸ.

ನಾನು ಬರೆಯುತ್ತಿರುವುದು ಆಲ್ಟೊ, ಸ್ವಿಫ್ಟ್, ಐ10 ತರಹದ, ಕೈಯಿಂದ ಗೇರ್ ಹಾಕುವ ಸಣ್ಣ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆಟೋಮ್ಯಾಟಿಕ್ ಮತ್ತು ಎಎಂಟಿ, ಅಂದರೆ ಗೇರ್ ತಾನೇ ಬದಲಾಗುವ ಕಾರುಗಳಲ್ಲಿ ಎಲ್ಲಿ ಬೇರೆಯಾಗುತ್ತದೋ ಅಲ್ಲಲ್ಲಿ ಹೇಳುತ್ತೇನೆ.

ಕರೆಂಟ್ ಹೋಗುವ ದಾರಿ

ಬ್ಯಾಟರಿಯಿಂದ ಹೊರಟ ಕರೆಂಟ್ ಇಗ್ನಿಷನ್ ಸ್ವಿಚ್‌ಗೆ ಬರುತ್ತದೆ. ಇಗ್ನಿಷನ್ ಅಂದರೆ ನೀವು ಕೀ ತಿರುಗಿಸುವ ಜಾಗ. ಅಲ್ಲಿಂದ ಫ್ಯೂಸ್, ಫ್ಯೂಸ್‌ನಿಂದ ಗೇರ್‌ಬಾಕ್ಸ್ ಮೇಲಿರುವ ರಿವರ್ಸ್ ಸ್ವಿಚ್. ರಿವರ್ಸ್ ಗೇರ್ ಬಿದ್ದಾಗ ಮಾತ್ರ ಆ ಸ್ವಿಚ್ ದಾರಿ ಬಿಡುತ್ತದೆ. ಅಲ್ಲಿಂದ ಕಾರಿನ ಉದ್ದಕ್ಕೂ ವೈರ್ ಹೋಗಿ ಹಿಂದಿನ ಬಲ್ಬ್ ಹೋಲ್ಡರ್ ತಲುಪುತ್ತದೆ.

ಆದರೆ ದಾರಿ ಅಲ್ಲಿಗೆ ಮುಗಿಯುವುದಿಲ್ಲ. ತೋಟದ ನೀರಿಗೂ ಕರೆಂಟ್‌ಗೂ ಇರುವ ವ್ಯತ್ಯಾಸ ಇದೇ. ಕರೆಂಟ್ ವಾಪಸ್ ಬ್ಯಾಟರಿಗೆ ಬರಲೇಬೇಕು. ಆ ವಾಪಸ್ ದಾರಿಯನ್ನೇ ಅರ್ಥ್ ಅನ್ನುತ್ತಾರೆ. ಬಲ್ಬಿನಿಂದ ಒಂದು ವೈರ್ ಬಾಡಿಯ ತಗಡಿಗೆ ಬೋಲ್ಟ್ ಆಗಿರುತ್ತದೆ. ತಗಡಿನ ಮೂಲಕವೇ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುತ್ತದೆ. ಹೊಸ ಬಲ್ಬ್ ಹಾಕಿದರೂ ಲೈಟ್ ಬರದಿದ್ದಾಗ ಜನ ಮರೆಯುವುದು ಈ ವಾಪಸ್ ದಾರಿಯನ್ನೇ.

ಏನೇನು ಬೇಕು

- 12 ವೋಲ್ಟ್ ಟೆಸ್ಟ್ ಲ್ಯಾಂಪ್. ಒಂದು ತುದಿಯಲ್ಲಿ ಕ್ಲಿಪ್, ಇನ್ನೊಂದು ತುದಿಯಲ್ಲಿ ಚೂಪು ಕಡ್ಡಿ, ನಡುವೆ ಸಣ್ಣ ಬಲ್ಬ್. ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿ ಯಾವಾಗಲೂ ಇರುವುದು ಇದೇ.
- ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ದುಬಾರಿಯದು ಬೇಡ.
- ಒಂದು ಹೊಸ ಬಲ್ಬ್, ಒಂದೆರಡು ಫ್ಯೂಸ್, ಸ್ಕ್ರೂಡ್ರೈವರ್, ಸ್ಪ್ಯಾನರ್, ಚೂರು ನುಣುಪು ಸ್ಯಾಂಡ್‌ಪೇಪರ್.
- ಕಾರಿನ ಜೊತೆ ಬಂದ ಕೈಪಿಡಿ. ಫ್ಯೂಸ್ ಎಲ್ಲಿದೆ, ಬಲ್ಬ್ ಯಾವುದು ಅಂತ ಅದರಲ್ಲೇ ಇರುತ್ತದೆ.

ಬೆಂಗಳೂರಿನವರಿಗೆ ಮೀಟರ್ ಎಸ್.ಪಿ. ರಸ್ತೆಯಲ್ಲಿ, ಬಲ್ಬ್ ಹೋಲ್ಡರ್ ಮತ್ತು ಸ್ವಿಚ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಬೇರೆ ಊರುಗಳಲ್ಲಿ ಆಟೋಮೊಬೈಲ್ ಸ್ಪೇರ್ ಪಾರ್ಟ್ಸ್ ಅಂಗಡಿ ಸಾಕು.

ಕೈ ಹಾಕುವ ಮೊದಲು

ಸಮನಾದ ನೆಲದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ, ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ. ಬಟನ್ ಸ್ಟಾರ್ಟ್ ಇದ್ದರೆ ಸಾಮಾನ್ಯವಾಗಿ ಕ್ಲಚ್ ಅಥವಾ ಬ್ರೇಕ್ ಒತ್ತದೆ ಎರಡು ಸಲ ಬಟನ್ ಒತ್ತಿದರೆ ಆನ್ ಆಗುತ್ತದೆ. ಆಮೇಲೆ ರಿವರ್ಸ್ ಗೇರ್ ಹಾಕಿ. ಎಂಜಿನ್ ಓಡುತ್ತಾ ರಿವರ್ಸ್ ಗೇರಿನಲ್ಲಿರುವ ಕಾರಿನ ಹಿಂದೆ ಬಗ್ಗಿ ಕೆಲಸ ಮಾಡುವುದು ಎಂದಿಗೂ ಬೇಡ. ಇದು ಈ ಇಡೀ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ.

ಒಬ್ಬರೇ ಇದ್ದೀರಾ? ಸಂಜೆ ಹೊತ್ತಿಗೆ ಕಾರಿನ ಹಿಂಭಾಗ ಗೋಡೆಗೆ ಮುಖ ಮಾಡುವಂತೆ ನಿಲ್ಲಿಸಿ. ಬೆಳಕು ಗೋಡೆಯ ಮೇಲೆ ಬೀಳುವುದು ಕನ್ನಡಿಯಲ್ಲೇ ಕಾಣುತ್ತದೆ. ಇಲ್ಲವಾದರೆ ಮೊಬೈಲನ್ನು ಹಿಂದೆ ಇಟ್ಟು ವಿಡಿಯೋ ಮಾಡಿ.

ಹಂತ 1: ಬಿಚ್ಚುವ ಮೊದಲು ಲಕ್ಷಣ ನೋಡಿ

ಎರಡು ನಿಮಿಷದ ಕೆಲಸ. ಇದು ಅರ್ಧ ಉತ್ತರ ಕೊಟ್ಟುಬಿಡುತ್ತದೆ.

ಒಂದೇ ಕಡೆ ಲೈಟ್ ಇಲ್ಲವೇ? ಹಾಗಾದರೆ ಫ್ಯೂಸ್, ಸ್ವಿಚ್ ಎರಡೂ ಸರಿ ಇವೆ. ತೊಂದರೆ ಆ ಕಡೆಯ ಬಲ್ಬ್, ಹೋಲ್ಡರ್, ಅಲ್ಲಿಯ ವೈರ್ ಅಥವಾ ಅರ್ಥ್‌ನಲ್ಲಿದೆ. ಆದರೆ ನಿಮ್ಮ ಕಾರಿಗೆ ನಿಜವಾಗಿ ಎರಡು ರಿವರ್ಸ್ ಲೈಟ್ ಇವೆಯೇ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕೆಲವು ಕಾರುಗಳಿಗೆ ಒಂದೇ ಕಡೆ ರಿವರ್ಸ್ ಲೈಟ್ ಇರುತ್ತದೆ. ಇನ್ನೊಂದು ಕಡೆ ಮಂಜಿನ ಕೆಂಪು ದೀಪ ಇರಬಹುದು, ಅಥವಾ ಬರೀ ಖಾಲಿ ಗಾಜು.

ಎರಡೂ ಇಲ್ಲವೇ? ಫ್ಯೂಸ್ ಅಥವಾ ಸ್ವಿಚ್ ಮೇಲೆ ಅನುಮಾನ ಹೆಚ್ಚು. ಆದರೂ ಬಲ್ಬ್ ನೋಡದೆ ಮುಂದೆ ಹೋಗಬೇಡಿ. ಒಂದು ಬಲ್ಬ್ ಆರು ತಿಂಗಳ ಹಿಂದೆಯೇ ಹೋಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಎರಡನೆಯದು ಹೋದ ದಿನ ಮಾತ್ರ ಗೊತ್ತಾಗುತ್ತದೆ.

ಈಗ ಪಾರ್ಕಿಂಗ್ ಸೆನ್ಸರ್ ಕೇಳಿ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಬಹಳಷ್ಟು ಕಾರುಗಳಲ್ಲಿ ಈ ಸೆನ್ಸರ್‌ಗೂ ರಿವರ್ಸ್ ಲೈಟ್‌ಗೂ ಒಂದೇ ಸ್ವಿಚ್‌ನಿಂದ ಸುದ್ದಿ ಹೋಗುತ್ತದೆ. ರಿವರ್ಸ್ ಹಾಕಿದಾಗ ಸೆನ್ಸರ್ ಬೀಪ್ ಅಂದರೆ, ಕ್ಯಾಮೆರಾ ಚಿತ್ರ ಬಂದರೆ, ಗೇರ್‌ಬಾಕ್ಸ್ ಸ್ವಿಚ್ ಕೆಲಸ ಮಾಡುತ್ತಿದೆ ಅಂತಲೇ ಹೆಚ್ಚಿನ ಮಟ್ಟಿಗೆ ಹೇಳಬಹುದು. ಹಂತ 2ಕ್ಕೆ ಹೋಗಿ. ಸೆನ್ಸರೂ ಸುಮ್ನಿದ್ದರೆ ಬಲ್ಬ್ ಒಮ್ಮೆ ನೋಡಿ ನೇರವಾಗಿ ಹಂತ 5ಕ್ಕೆ ಹಾರಿ.

ಕೊನೆಯದಾಗಿ, ಗೇರ್ ಲಿವರನ್ನು ರಿವರ್ಸ್‌ನಲ್ಲಿಟ್ಟು ಇನ್ನೂ ಸ್ವಲ್ಪ ಒತ್ತಿ ಹಿಡಿಯಿರಿ. ಆಗ ಲೈಟ್ ಬಂದು, ಬಿಟ್ಟರೆ ಹೋದರೆ, ಸ್ವಿಚ್ ಸವೆದಿದೆ ಅಥವಾ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಗೇರ್ ಕೇಬಲ್ ಸಡಿಲವಾಗಿದೆ. ಬಲ್ಬಿನ ಕಡೆ ನೋಡುವುದೇ ಬೇಡ.

ಹಂತ 2: ಬಲ್ಬ್

ಡಿಕ್ಕಿ ತೆಗೆದರೆ ಲ್ಯಾಂಪಿನ ಸ್ಕ್ರೂ ಕಾಣುತ್ತವೆ. ಕೆಲವು ಕಾರುಗಳಲ್ಲಿ ಸ್ಕ್ರೂ ಬಿಚ್ಚಿದ ಮೇಲೂ ಲ್ಯಾಂಪ್ ಪ್ಲಾಸ್ಟಿಕ್ ಗೂಟಗಳ ಮೇಲೆ ಕೂತಿರುತ್ತದೆ. ಅದನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಗೂಟ ಮುರಿಯುತ್ತದೆ, ಬಣ್ಣವೂ ಕಿತ್ತುಬರುತ್ತದೆ.

ಹೋಲ್ಡರನ್ನು ತಿರುಗಿಸಿ ಹೊರತೆಗೆಯಿರಿ. ಹೆಚ್ಚಾಗಿ ಸಿಗುವುದು ಎರಡು ಜಾತಿಯ ಬಲ್ಬ್. ಒಂದು ಪಿ21ಡಬ್ಲ್ಯೂ, ಹಿತ್ತಾಳೆಯಂಥ ಬುಡ, ಎದುರುಬದುರಾಗಿ ಸಮ ಎತ್ತರದಲ್ಲಿ ಎರಡು ಮೊಳೆ, 21 ವ್ಯಾಟ್. ಒತ್ತಿ ತಿರುಗಿಸಿದರೆ ಬರುತ್ತದೆ. ಇನ್ನೊಂದು ಡಬ್ಲ್ಯೂ16ಡಬ್ಲ್ಯೂ, ಪೂರ್ತಿ ಗಾಜು, ಚಪ್ಪಟೆ ಬುಡ, 16 ವ್ಯಾಟ್. ನೇರ ಎಳೆದರೆ ಬರುತ್ತದೆ.

ಕಣ್ಣಿಗೆ ಚೆನ್ನಾಗಿ ಕಂಡ ಬಲ್ಬನ್ನೂ ನಂಬಬೇಡಿ. ಮಲ್ಟಿಮೀಟರನ್ನು ಓಂಗೆ (ಕರೆಂಟಿಗೆ ಇರುವ ತಡೆ ಅಳೆಯುವ Ω ಗುರುತಿಗೆ) ಇಟ್ಟು ಎರಡು ತುದಿ ಮುಟ್ಟಿಸಿ. ತಣ್ಣಗಿರುವ ಒಳ್ಳೆಯ ಬಲ್ಬ್ ಒಂದು ಓಂನ ಆಸುಪಾಸು ತೋರಿಸುತ್ತದೆ. ಅಳತೆ ಏನೂ ತೋರಿಸದೆ OL ಅಥವಾ ಎಡತುದಿಯಲ್ಲಿ ಬರೀ 1 ನಿಂತಿದ್ದರೆ ಒಳಗಿನ ತಂತಿ ಕಡಿದಿದೆ.

ಎಡವುವ ಜಾಗ ಎರಡು. ಬ್ರೇಕ್ ಲೈಟಿನ ಎರಡು ತಂತಿಯ ಬಲ್ಬ್ ನೋಡಲು ಹೀಗೇ ಇರುತ್ತದೆ, ಆದರೆ ಅದರ ಮೊಳೆಗಳು ಮೇಲೆ ಕೆಳಗೆ ಇರುತ್ತವೆ. ಬಲವಂತವಾಗಿ ತುರುಕಿದರೆ ಹೋಲ್ಡರ್ ಹಾಳು. ಎರಡನೆಯದು, ಜಾಸ್ತಿ ಬೆಳಕಿನ ಆಸೆಗೆ ಜಾಸ್ತಿ ವ್ಯಾಟ್ ಬಲ್ಬ್ ಹಾಕುವುದು. ಆ ಬಿಸಿಗೆ ಹೋಲ್ಡರ್ ಪ್ಲಾಸ್ಟಿಕ್ ಕರಗುತ್ತದೆ. ಚಪ್ಪಟೆ ಬುಡದ ಎಲ್ಇಡಿ ಹಾಕಿದ್ದು ಉರಿಯದಿದ್ದರೆ ತೆಗೆದು ತಿರುಗಿಸಿ ಹಾಕಿ ನೋಡಿ. ಎಲ್ಇಡಿಗೆ ಪ್ಲಸ್ ಮೈನಸ್ ವ್ಯತ್ಯಾಸ ಗೊತ್ತಾಗುತ್ತದೆ, ಹಳೆಯ ತಂತಿ ಬಲ್ಬಿಗೆ ಗೊತ್ತಾಗುವುದಿಲ್ಲ.

ಹಂತ 3: ಹೋಲ್ಡರ್‌ವರೆಗೆ ಕರೆಂಟ್ ಬಂದಿದೆಯೇ?

ಮೊದಲು ಹೋಲ್ಡರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ಕಿಲುಬು. ಅಡುಗೆಮನೆಯ ಹಿತ್ತಾಳೆ ಪಾತ್ರೆಯಲ್ಲಿ ಬರುವಂಥದ್ದೇ. ಲ್ಯಾಂಪಿನ ರಬ್ಬರ್ ಹಳೆಯದಾದರೆ ಮಳೆನೀರು ಒಳಗೆ ಇಳಿಯುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಕೀ ಆಫ್ ಮಾಡಿ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿ ಹೊಳಪು ಬರಿಸಿ. ಪ್ಲಾಸ್ಟಿಕ್ ಕರಗಿದ್ದರೆ, ಕಪ್ಪಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೋಲ್ಡರನ್ನೇ ಬದಲಿಸಿ.

ಈಗ ಪರೀಕ್ಷೆ. ಕೀ ಆನ್, ರಿವರ್ಸ್ ಗೇರ್. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಣ್ಣವಿಲ್ಲದ ಬಾಡಿ ಬೋಲ್ಟಿಗೆ ಹಾಕಿ. ಕಡ್ಡಿಯನ್ನು ಹೋಲ್ಡರಿನ ಕರೆಂಟ್ ಬರುವ ತುದಿಗೆ ಮುಟ್ಟಿಸಿ. ಟೆಸ್ಟ್ ಲ್ಯಾಂಪ್ ಚೆನ್ನಾಗಿ ಉರಿದರೆ ಕರೆಂಟ್ ಇಲ್ಲಿಯವರೆಗೆ ಬಂದಿದೆ. ಮುಂದಿನ ಹಂತ ಅರ್ಥ್. ಉರಿಯದಿದ್ದರೆ ತೊಂದರೆ ಹೋಲ್ಡರ್‌ಗೆ ಕರೆಂಟ್ ಬರುವ ದಾರಿಯಲ್ಲಿದೆ, ಹಂತ 5ಕ್ಕೆ ಹೋಗಿ. ಕಡ್ಡಿ ಮುಟ್ಟಿಸುವಾಗ ಅದು ಪಕ್ಕದ ತುದಿಗೂ ತಾಗದಿರಲಿ, ತಾಗಿದರೆ ಫ್ಯೂಸ್ ಹೋಗುತ್ತದೆ.

"ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಆದರೂ ಬಲ್ಬ್ ಉರಿಯಲ್ಲ" ಅಂತ ಬಹಳ ಜನ ಹೇಳುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಲ್ಟಿಮೀಟರ್ ಅಳೆಯುವಾಗ ಹೆಚ್ಚುಕಡಿಮೆ ಕರೆಂಟ್ ಎಳೆಯುವುದೇ ಇಲ್ಲ. ವೈರಿನ ಹತ್ತು ಎಳೆಗಳಲ್ಲಿ ಒಂಬತ್ತು ಕಡಿದು ಒಂದೇ ಎಳೆ ಉಳಿದಿದ್ದರೂ ಅದಕ್ಕೆ 12 ವೋಲ್ಟ್ ಕಾಣುತ್ತದೆ. 21 ವ್ಯಾಟಿನ ಬಲ್ಬ್ ಹಾಗಲ್ಲ. ಅದಕ್ಕೆ ಸುಮಾರು 1.75 ಆಂಪಿಯರ್ ಬೇಕು. ಕಿಲುಬು ಹಿಡಿದ ಜಾಯಿಂಟ್ ಅಷ್ಟನ್ನು ಬಿಡುವುದಿಲ್ಲ, ಬಲ್ಬ್ ಕೇಳಿದ ಕೂಡಲೇ ವೋಲ್ಟ್ ಕುಸಿಯುತ್ತದೆ. ಆದ್ದರಿಂದ ಬಲ್ಬ್ ಹಾಕಿಟ್ಟುಕೊಂಡೇ, ಹೋಲ್ಡರಿನ ಹಿಂದಿನ ವೈರ್ ಜಾಗದಲ್ಲಿ ಮೀಟರ್ ಕಡ್ಡಿ ಮುಟ್ಟಿಸಿ ಅಳೆಯಿರಿ. ಬ್ಯಾಟರಿಯಲ್ಲಿ 12.5 ಇದ್ದು ಇಲ್ಲಿ 6 ಅಥವಾ 7 ಇದ್ದರೆ ಮಧ್ಯದಲ್ಲಿ ಎಲ್ಲೋ ಜಾಯಿಂಟ್ ಕೆಟ್ಟಿದೆ. ಟೆಸ್ಟ್ ಲ್ಯಾಂಪ್ ಸ್ವಲ್ಪ ಕರೆಂಟ್ ಎಳೆಯುತ್ತದೆ. ಅದಕ್ಕೇ ಈ ಕೆಲಸದಲ್ಲಿ ನನಗೆ ಅದರ ಮೇಲೆ ಹೆಚ್ಚು ನಂಬಿಕೆ.

ಒಂದು ಎಚ್ಚರಿಕೆ. ಲೈಟುಗಳನ್ನು ಕಂಪ್ಯೂಟರ್ ನಡೆಸುವ ಹೊಸ ಕಾರುಗಳಲ್ಲಿ ತಂತಿ ಬಲ್ಬಿನ ಟೆಸ್ಟ್ ಲ್ಯಾಂಪ್ ಬಳಸಬೇಡಿ, ಮೀಟರ್ ಮಾತ್ರ ಬಳಸಿ.

ಹಂತ 4: ಅರ್ಥ್

ಬಲ್ಬ್ ಹಾಕಿಡಿ. ಕೀ ಆನ್, ರಿವರ್ಸ್ ಗೇರ್. ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಕೆಂಪು ಕಡ್ಡಿ ಹೋಲ್ಡರಿನ ಅರ್ಥ್ ವೈರಿಗೆ, ಕಪ್ಪು ಕಡ್ಡಿ ಬಾಡಿಯ ಬರಿ ತಗಡಿಗೆ. ಸೊನ್ನೆಯ ಹತ್ತಿರ ಬರಬೇಕು. 0.2 ವೋಲ್ಟ್ ದಾಟಿದರೆ ಅರ್ಥ್ ಶುದ್ಧವಾಗಿಲ್ಲ. 12 ವೋಲ್ಟ್ ಬಂದರೆ ಅರ್ಥ್ ಪೂರ್ತಿ ಕಡಿದಿದೆ. ಕರೆಂಟ್ ಬಲ್ಬ್ ದಾಟಿ ಬಂದು, ಮುಂದೆ ದಾರಿ ಸಿಗದೆ ಅಲ್ಲೇ ನಿಂತಿದೆ ಅಂತ ಅರ್ಥ.

ಮೀಟರ್ ಇಲ್ಲದೆಯೂ ಒಂದು ಸುಳಿವು ಸಿಗುತ್ತದೆ. ರಿವರ್ಸ್ ಹಾಕಿದಾಗ ಪಕ್ಕದ ಇಂಡಿಕೇಟರ್ ಅಥವಾ ಟೈಲ್ ಲೈಟ್ ಮಂಕಾಗಿ ಹೊತ್ತಿಕೊಂಡರೆ ಅರ್ಥ್ ಕೆಟ್ಟಿದೆ ಅಂತಲೇ ತಿಳಿಯಿರಿ. ಸ್ವಂತ ದಾರಿ ಮುಚ್ಚಿಹೋದಾಗ ಕರೆಂಟ್ ಪಕ್ಕದ ಬಲ್ಬಿನ ಮೂಲಕ ವಾಪಸ್ ಹೋಗಲು ನೋಡುತ್ತದೆ.

ವೈರ್ ಹಿಂಬಾಲಿಸಿ ಅರ್ಥ್ ಬೋಲ್ಟ್ ಹುಡುಕಿ. ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಹಾಕಿ. ಆಮೇಲೆ ಮೇಲಿಂದ ಸ್ವಲ್ಪ ಗ್ರೀಸ್ ಸವರಿದರೆ ಮತ್ತೆ ತುಕ್ಕು ಹಿಡಿಯುವುದು ನಿಧಾನವಾಗುತ್ತದೆ.

ಹಂತ 5: ಫ್ಯೂಸ್

ಫ್ಯೂಸ್ ಬಾಕ್ಸಿನ ಮುಚ್ಚಳದ ನಕ್ಷೆಯಲ್ಲಿ ಬ್ಯಾಕ್, ಬಿ/ಅಪ್ ಅಥವಾ ರಿವರ್ಸ್ ಅಂತ ಬರೆದಿರುತ್ತದೆ. ಫ್ಯೂಸ್ ತೆಗೆಯದೆಯೇ ಪರೀಕ್ಷಿಸಬಹುದು. ಅದರ ನೆತ್ತಿಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಕೀ ಆನ್ ಮಾಡಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿ ಬೋಲ್ಟಿಗೆ ಹಾಕಿ, ಕಡ್ಡಿಯನ್ನು ಒಂದಾದ ಮೇಲೆ ಒಂದಕ್ಕೆ ಮುಟ್ಟಿಸಿ. ಎರಡರಲ್ಲೂ ಉರಿದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಉರಿದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಇಲ್ಲವಾದರೆ ಕರೆಂಟ್ ಫ್ಯೂಸ್‌ವರೆಗೇ ಬಂದಿಲ್ಲ.

ಬಣ್ಣ ನೋಡಿ ಅಷ್ಟೇ ಆಂಪಿಯರಿನದ್ದು ಹಾಕಿ. 10 ಕೆಂಪು, 15 ನೀಲಿ, 20 ಹಳದಿ. ಹೊಸ ಫ್ಯೂಸ್ ಮತ್ತೆ ಹೋದರೆ ದೊಡ್ಡದು ಹಾಕಬೇಡಿ, ತಂತಿ ಸುತ್ತಬೇಡಿ. ಫ್ಯೂಸ್ ಉಳಿದು ವೈರಿಂಗ್ ಸುಡುತ್ತದೆ, ಕಾರಿಗೆ ಬೆಂಕಿ ಹತ್ತಿಕೊಳ್ಳಬಹುದು.

ಬದಲಿಗೆ ಯಾವಾಗ ಹೋಗುತ್ತದೆ ಅಂತ ಗಮನಿಸಿ. ರಿವರ್ಸ್ ಹಾಕಿದ ಕ್ಷಣ ಹೋದರೆ ಶಾರ್ಟ್ ಆಗಿರುವುದು ಸ್ವಿಚ್‌ನಿಂದ ಹಿಂದಕ್ಕೆ, ಅಂದರೆ ಲೈಟಿನ ಕಡೆ. ಕೀ ಆನ್ ಮಾಡಿದ ಕೂಡಲೇ ಹೋದರೆ ಸ್ವಿಚ್‌ಗಿಂತ ಮುಂಚೆ, ಅಥವಾ ಅದೇ ಫ್ಯೂಸಿನಿಂದ ನಡೆಯುವ ಬೇರೆ ಯಾವುದೋ ವಸ್ತುವಿನಲ್ಲಿ. ಹೊರಗಿನ ಅಂಗಡಿಯಲ್ಲಿ ಕ್ಯಾಮೆರಾ ಹಾಕಿಸಿದ್ದೀರಾ? ಅದರ ವೈರನ್ನು ರಿವರ್ಸ್ ಲೈಟಿನ ವೈರಿಗೆ ಸುತ್ತಿ ಟೇಪ್ ಹಾಕಿರುತ್ತಾರೆ. ಮೊದಲು ಅಲ್ಲೇ ನೋಡಿ.

ಹಂತ 6: ಗೇರ್‌ಬಾಕ್ಸ್ ಸ್ವಿಚ್

ಫ್ರಿಜ್ ಬಾಗಿಲಿನ ಗುಂಡಿ ನೋಡಿದ್ದೀರಲ್ಲ, ಬಾಗಿಲು ಅಲುಗಿದಾಗ ಲೈಟ್ ಬದಲಾಗುತ್ತದೆ. ಇದೂ ಅಂಥದ್ದೇ ಗುಂಡಿ. ಗೇರ್‌ಬಾಕ್ಸ್ ಒಳಗಿನ ಭಾಗ ರಿವರ್ಸ್‌ಗೆ ಸರಿದಾಗ ಅದನ್ನು ಒತ್ತುತ್ತದೆ. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಬ್ಯಾಟರಿ ಅಥವಾ ಏರ್ ಫಿಲ್ಟರ್ ಡಬ್ಬಿಯ ಕೆಳಗೆ, ಗೇರ್‌ಬಾಕ್ಸಿಗೆ ಬೋಲ್ಟಿನಂತೆ ತಿರುಗಿಸಿ ಕೂರಿಸಿರುತ್ತದೆ. ಅದರಿಂದ ಎರಡು ವೈರ್ ಹೊರಟು ಒಂದು ಕಪ್ಲರ್‌ಗೆ ಸೇರುತ್ತವೆ. ಕಪ್ಲರ್ ಅಂದರೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ.

ಎಂಜಿನ್ ತಣ್ಣಗಾಗಿರಲಿ. ರೇಡಿಯೇಟರ್ ಫ್ಯಾನ್ ಹತ್ತಿರ ಕೈ ಬೇಡ, ಕೀ ಆನ್ ಇದ್ದಾಗ ಅದು ಇದ್ದಕ್ಕಿದ್ದಂತೆ ತಿರುಗಬಹುದು.

ಕಪ್ಲರ್ ಬಿಚ್ಚಿ, ಸ್ವಿಚ್ ಕಡೆಯ ಎರಡು ಪಿನ್ನುಗಳಿಗೆ ಮಲ್ಟಿಮೀಟರನ್ನು ಓಂನಲ್ಲಿಟ್ಟು ಮುಟ್ಟಿಸಿ. ರಿವರ್ಸ್‌ನಲ್ಲಿ ಸೊನ್ನೆಯ ಹತ್ತಿರ, ಬೇರೆ ಗೇರ್‌ಗಳಲ್ಲಿ ಅಳತೆ ಏನೂ ಇಲ್ಲ, ಬರೀ OL ಅಥವಾ 1. ಹೀಗಿದ್ದರೆ ಸ್ವಿಚ್ ಸರಿ. ಇದಕ್ಕೆ ಬ್ಯಾಟರಿ ಬೇಡ, ಹಾಗಾಗಿ ಬ್ಯಾಟರಿ ತೆಗೆದರೇ ಕೈ ಹೋಗುವ ಕಾರುಗಳಲ್ಲೂ ಮಾಡಬಹುದು. ಬ್ಯಾಟರಿ ತೆಗೆಯುವಾಗ ನೆಗೆಟಿವ್ ಮೊದಲು.

ಇನ್ನೊಂದು ಪರೀಕ್ಷೆ: ಗೇರ್ ನ್ಯೂಟ್ರಲ್, ಕೀ ಆನ್, ಕಪ್ಲರಿನ ಕಾರಿನ ಕಡೆಯ ಎರಡು ತುದಿಗಳನ್ನು ಚಿಕ್ಕ ವೈರಿನಿಂದ ಕೂಡಿಸಿ. ಹಿಂದೆ ಲೈಟ್ ಬಂದರೆ ಸ್ವಿಚ್ ಅಥವಾ ಗೇರ್ ಕೇಬಲ್ ತಪ್ಪಿತಸ್ಥ. ಎರಡೇ ವೈರ್ ಇರುವ ಸ್ವಿಚ್‌ಗೆ ಮಾತ್ರ ಇದನ್ನು ಮಾಡಿ. ಮೂರೋ ನಾಲ್ಕೋ ವೈರ್ ಇದ್ದರೆ, ಅಥವಾ ಕಾರು ಆಟೋಮ್ಯಾಟಿಕ್, ಎಎಂಟಿ ಆಗಿದ್ದರೆ ಬೇಡವೇ ಬೇಡ. ಅವುಗಳಲ್ಲಿ ಯಾವ ಗೇರ್ ಅಂತ ತಿಳಿಯುವುದು ಬೇರೆ ಸೆನ್ಸರ್ ಮತ್ತು ಕಂಪ್ಯೂಟರ್. ತಪ್ಪು ವೈರ್ ಕೂಡಿಸಿದರೆ ಅದೇ ಸುಡಬಹುದು.

ಬದಲಿಸುವುದಾದರೆ ಸುತ್ತಲಿನ ಮಣ್ಣು ಒರೆಸಿ. ಹೊಸ ವಾಷರ್ ಇಟ್ಟುಕೊಳ್ಳಿ. ಕೆಲವು ಕಾರುಗಳಲ್ಲಿ ಗೇರ್ ಆಯಿಲ್ ಸೋರುತ್ತದೆ, ಕೆಳಗೆ ಡಬ್ಬಿ ಇಡಿ. ಗೇರ್‌ಬಾಕ್ಸಿನ ಕವಚ ಅಲ್ಯೂಮಿನಿಯಂ. ಶಕ್ತಿಯೆಲ್ಲ ಹಾಕಿ ಬಿಗಿದರೆ ಮರೆ, ಅಂದರೆ ಥ್ರೆಡ್, ಹೋಗುತ್ತದೆ. ಅದು ಸ್ವಿಚ್‌ಗಿಂತ ಎಷ್ಟೋ ಪಟ್ಟು ದೊಡ್ಡ ಖರ್ಚು.

ಹಂತ 7: ಡಿಕ್ಕಿ ಬಾಗಿಲಿನ ವೈರ್

ಫ್ಯೂಸ್ ಸರಿ, ಸ್ವಿಚ್ ಸರಿ, ಹೋಲ್ಡರ್‌ಗೆ ಕರೆಂಟ್ ಇಲ್ಲ. ಹಾಗಾದರೆ ಮಧ್ಯದ ವೈರ್. ರಿವರ್ಸ್ ಲೈಟ್ ಡಿಕ್ಕಿ ಬಾಗಿಲಿನಲ್ಲೇ ಇರುವ ಕಾರಾದರೆ ಬೇರೆಲ್ಲೂ ಹುಡುಕುವ ಮೊದಲು ಕೀಲಿನ ಹತ್ತಿರದ ರಬ್ಬರ್ ಕೊಳವೆ ನೋಡಿ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅದರೊಳಗಿನ ವೈರುಗಳು ಬಾಗುತ್ತವೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರ ಕಡಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನನ್ನ ಕಾರಿನಲ್ಲಿ ಹೀಗಾದಾಗ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಸ್ವಿಚ್ ಬದಲಿಸಿ ಹಣ ತೆಗೆದುಕೊಂಡಿದ್ದರು, ಲೈಟ್ ಬಂದಿರಲಿಲ್ಲ.

ರಿವರ್ಸ್ ಹಾಕಿಟ್ಟು ಬಾಗಿಲನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಲೈಟ್ ಮಿಣುಕಿದರೆ ಸಿಕ್ಕಿತು. ಕೊಳವೆ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆಯಿರಿ. ಕಡಿದ ವೈರ್ ರಬ್ಬರಿನಂತೆ ಹಿಗ್ಗುತ್ತದೆ. ಸರಿಪಡಿಸುವಾಗ ಸ್ವಲ್ಪ ಉದ್ದದ ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಬಿಸಿಗೆ ಬಿಗಿಯಾಗುವ ಕೊಳವೆ ಹೊದಿಸಿ. ಬೆಸುಗೆ ಬಾಗುವ ಜಾಗದಲ್ಲಿ ಬರದಿರಲಿ, ಅಲ್ಲೇ ಮತ್ತೆ ಕಡಿಯುತ್ತದೆ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ನಮ್ಮ ಬೇಸಿಗೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಕಾರು ವಾರಗಟ್ಟಲೆ ನಿಂತಿದ್ದರೆ ಇಲಿಯ ಮೇಲೂ ಅನುಮಾನ ಇರಲಿ. ಬಾನೆಟ್ ಒಳಗೆ ಹಿಕ್ಕೆ, ಹುಲ್ಲು, ಕಡಿದ ಪ್ಲಾಸ್ಟಿಕ್ ಚೂರು ಕಂಡರೆ ಅಲ್ಲಿನ ವೈರಿಂಗ್ ಪೂರ್ತಿ ನೋಡಿ.

ಲೈಟ್ ಆರುವುದೇ ಇಲ್ಲವೇ?

ಇದು ಉಲ್ಟಾ ತೊಂದರೆ. ಮುಂದಕ್ಕೆ ಹೋಗುವಾಗಲೂ ಬಿಳಿ ಲೈಟ್ ಉರಿಯುತ್ತಿರುತ್ತದೆ, ಹಿಂದಿನವರು ಗಾಬರಿಯಾಗುತ್ತಾರೆ. ಸ್ವಿಚ್ ಕಪ್ಲರ್ ಬಿಚ್ಚಿ. ಆರಿದರೆ ಸ್ವಿಚ್ ಒಳಗೆ ಅಂಟಿಕೊಂಡಿದೆ. ಆಗಲೂ ಉರಿದರೆ ಎಲ್ಲೋ ಎರಡು ವೈರ್ ಒಂದಕ್ಕೊಂದು ತಾಗಿವೆ.

ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದಾದರೆ

ವಾರಂಟಿ ಇರುವ ಕಾರಿನ ವೈರ್ ಕತ್ತರಿಸಬೇಡಿ. ಕಂಪ್ಯೂಟರ್ ನಡೆಸುವ ಲೈಟ್, ಮತ್ತೆ ಮತ್ತೆ ಹೋಗುವ ಫ್ಯೂಸ್, ಇಲಿ ಕಡಿದ ವೈರ್ ಕಟ್ಟು, ಇವನ್ನು ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡಿ. ಹೋಗಿ "ಲೈಟ್ ಬರ್ತಿಲ್ಲ ಅಣ್ಣ" ಅಂತ ನಿಲ್ಲಿಸಬೇಡಿ. "ಬಲ್ಬ್ ಹೊಸದು, ಅರ್ಥ್ ನೋಡಿದ್ದೀನಿ, ಫ್ಯೂಸ್ ಎರಡೂ ಕಡೆ ಕರೆಂಟ್ ಇದೆ, ಹೋಲ್ಡರ್‌ಗೆ ಬರ್ತಿಲ್ಲ" ಅಂತ ಹೇಳಿ. ಅವರು ನೇರವಾಗಿ ಸ್ವಿಚ್ ಮತ್ತು ಮಧ್ಯದ ವೈರಿಗೆ ಕೈ ಹಾಕುತ್ತಾರೆ.

ಸರಿಯಾದ ಮೇಲೆ ಕೀ ಆನ್‌ನಲ್ಲಿ ಹತ್ತು ಸಲ ರಿವರ್ಸ್ ಹಾಕಿ ತೆಗೆಯಿರಿ. ಡಿಕ್ಕಿ ಬಾಗಿಲು ತೆಗೆದು ಹಾಕಿ. ಬ್ರೇಕ್, ಇಂಡಿಕೇಟರ್, ಟೈಲ್ ಲೈಟ್, ಸೆನ್ಸರ್ ಎಲ್ಲವನ್ನೂ ಒಮ್ಮೆ ನೋಡಿ. ಸ್ವಿಚ್ ಬದಲಿಸಿದ್ದರೆ ಎರಡು ಮೂರು ದಿನ ಕಾರು ನಿಲ್ಲಿಸಿದ ಜಾಗದಲ್ಲಿ ನೆಲದ ಮೇಲೆ ಎಣ್ಣೆ ಬಿದ್ದಿದೆಯೇ ಅಂತ ಬೆಳಿಗ್ಗೆ ನೋಡಿಕೊಳ್ಳಿ.